ಐದನೆಯ ಬುಟ್ಟಿಯ ಸರಪಳಿ

ಇಸಲ್ಮಿ ಪೇಟೆಯಿಂದ ಔಲು ನಗರಕ್ಕೆ ಚಾಲಕ ಓಯ್ವ ಹಿರ್ವೆಲನ ಬಸ್ಸಿನಲ್ಲಿ ಹೋದವರಿಗೆ ದಾರಿಯಲ್ಲಿ ಗಡಿಯಾರದ ಗೊಡವೆ ಇರುತ್ತಿರಲಿಲ್ಲ. ಐಲಿಯ ಕಾಫಿಮನೆಯ ಮುಂದೆ ಬಸ್ಸು ನಿಂತಿತೆಂದರೆ ಕಾಫಿ ಕುಡಿಯುವವರು ಕುಡಿಯಬಹುದು, ಏಲಕ್ಕಿ ಬನ್ನು ತಿನ್ನುವವರು ತಿನ್ನಬಹುದು, ಹಿತ್ತಿಲ ಪೈನ್ ತೋಪಿನಲ್ಲಿ ಆಟದ ಪ್ಲಾಸ್ಟಿಕ್ ತಟ್ಟೆ ಎಸೆಯುವವರು ಎಸೆಯಬಹುದು. ಹೊರಡುವ ಹೊತ್ತಿಗೆ ಓಯ್ವ ಹಾರನ್ನು ಒತ್ತುತ್ತಿರಲಿಲ್ಲ, ಯಾರ ಹೆಸರನ್ನೂ ಕೂಗುತ್ತಿರಲಿಲ್ಲ. ಐದನೆಯ ಕಟ್ಟೆಯ ಮೇಲೆ ನಿಂತು ತಟ್ಟೆ ಎಸೆಯುತ್ತಿದ್ದ. ತಗ್ಗಿನ ಮೇಲೆ ತೇಲಿಹೋದ ತಟ್ಟೆ ಆಚೆ ದಡದ ಬುಟ್ಟಿಯ ಸರಪಳಿಗೆ ಬಡಿದು ಝಣ್ ಎನ್ನುತ್ತಿತ್ತು. ಮೊದಲನೆಯದು ತಪ್ಪಿದರೆ ಎರಡನೆಯದು, ಅದೂ ತಪ್ಪಿದರೆ ಮೂರನೆಯದು. ನಾಲ್ಕನೆಯದು ಎಸೆದದ್ದನ್ನು ಕಂಡವರಿಲ್ಲ. ಸರಪಳಿ ಸದ್ದಾಯಿತೆಂದರೆ ಜನ ಬಾಯಿ ಒರೆಸಿಕೊಂಡು ಏಳುತ್ತಿದ್ದರು. ಬಸ್ಸು ಹೊರಟಿತು ಎಂದೇ ಅದರ ಅರ್ಥ.

ಆಟವೇನೂ ದೊಡ್ಡದಲ್ಲ. ನಿಂತು ಎಸೆಯಲು ಐದು ಕಟ್ಟೆ, ಗುರಿಗೆ ಐದು ಬುಟ್ಟಿ. ಕಬ್ಬಿಣದ ಕಂಬಕ್ಕೆ ಸೊಂಟದೆತ್ತರದಲ್ಲಿ ಒಂದು ಬುಟ್ಟಿ, ಅದರ ಮೇಲೆ ಸುತ್ತಲೂ ಇಳಿಬಿಟ್ಟ ಸರಪಳಿ. ಎಸೆದ ತಟ್ಟೆ ಸರಪಳಿಗೆ ತಾಗಿ ಬುಟ್ಟಿಯೊಳಗೆ ಕೂರಬೇಕು, ಅಷ್ಟೇ. ಪೇಟೆಯವರ ಹದಿನೆಂಟು ಬುಟ್ಟಿಯ ಆಟಕ್ಕೆ ಅರ್ಧ ದಿನ ಹಿಡಿಯುತ್ತದೆ. ಐಲಿಯದು ಮೈ ಜಡ ಬಿಡುವಷ್ಟು ಹೊತ್ತಿನದು, ದಾರಿಹೋಕರಿಗೆಂದೇ ಅಳೆದು ಹೊಲಿಸಿದ ಅಂಗಿಯಂತೆ.

ಅದನ್ನು ಹೊಲಿದವನೂ ಓಯ್ವನೇ. ಐಲಿ ತನ್ನ ಹಸುಗಳನ್ನೆಲ್ಲ ಮಾರಿ, ರಸ್ತೆಬದಿಯ ಮನೆಯಲ್ಲಿ ಕಾಫಿ ಇಟ್ಟ ಹೊಸತು. ಆಚೆ ಊರಿನ ದೊಡ್ಡ ಪೆಟ್ರೋಲ್ ಬಂಕಿಗೆ ಜನ ನುಗ್ಗುತ್ತಿದ್ದರು, ಇವಳ ಬನ್ನು ಒಣಗುತ್ತಿತ್ತು. ಓಯ್ವ ಒಂದು ದಿನ ಖಾಲಿ ಕೊಟ್ಟಿಗೆಯೊಳಗೆ ಇಣುಕಿ ನೋಡಿದ. ಗೋಡೆಯುದ್ದಕ್ಕೂ ದನದ ಸರಪಳಿಗಳು ನೇತಾಡುತ್ತಿದ್ದವು.

"ಹಸು ಹೋದ್ಮೇಲೆ ಇಷ್ಟೊಂದು ಸರಪಳಿ ಇಟ್ಕೊಂಡು ಯಾರನ್ನ ಕಟ್ಟಾಕ್ತೀಯ ಐಲಿ?"

"ನಿನ್ನನ್ನೇ. ದಿನಾ ಬಂದು ಮೂತಿ ಇಡ್ತೀಯಲ್ಲ, ಆ ಹಸುಗಳಾದ್ರೂ ಹಾಲು ಕೊಡ್ತಿದ್ವು."

ಮುಂದಿನ ಬೇಸಿಗೆಗೆ ಆ ಸರಪಳಿಗಳೆಲ್ಲ ಬುಟ್ಟಿ ಏರಿದವು. ಬೆಸುಗೆ ಹಾಕಿದವನು ಓಯ್ವ, ಕಟ್ಟೆಗೆ ಹಲಗೆ ಹೊಡೆದವನು ಓಯ್ವ, ಬುಟ್ಟಿಯ ಕಂಬ ನಿಲ್ಲಿಸಲು ನೆಲದಲ್ಲಿ ಕೊಳವೆ ಹೂತವನೂ ಓಯ್ವ. ಒಂದೊಂದು ಬುಟ್ಟಿಗೂ ಎರಡೆರಡು ಕಡೆ ಕೊಳವೆ ಹೂತ. ಒಂದೇ ಜಾಗದಲ್ಲಿ ವರ್ಷಗಟ್ಟಲೆ ಜನ ತುಳಿದರೆ ಪಾಚಿ ಸತ್ತು ಮರದ ಬೇರು ಹೊರಬೀಳುತ್ತದೆ. ಆಗ ಬುಟ್ಟಿಯನ್ನು ಎತ್ತಿ ಇನ್ನೊಂದು ಕೊಳವೆಗೆ ಇಳಿಸಿ ನೆಲಕ್ಕೆ ಉಸಿರಾಡಲು ಬಿಡಬೇಕು. ಈ ಆಟದವರೆಲ್ಲ ಮಾಡುವ ಪದ್ಧತಿಯೇ ಅದು. ಆದರೆ ಐದನೆಯ ಬುಟ್ಟಿಯನ್ನು ಯಾರೂ ಮುಟ್ಟಿರಲಿಲ್ಲ. ಅದು ದೊಡ್ಡ ಪೈನ್ ಮರದ ಎಡಕ್ಕೆ ನಿಂತಲ್ಲೇ ನಿಂತಿತ್ತು.

ಓಯ್ವನ ಅಪ್ಪ ಚಳಿಗಾಲವೆಲ್ಲ ಕುದುರೆ ಜಾರುಬಂಡಿಯಲ್ಲಿ ದಿಮ್ಮಿ ಎಳೆಯುತ್ತಿದ್ದವನು. 'ಲಗಾಮು ಹಿಡಿದವನು ಬೆನ್ನ ಹಿಂದಿನ ಭಾರ ಮರೀಬಾರದು' ಎಂಬ ಮಾತೊಂದೇ ಅವನು ಮಗನಿಗೆ ಬಿಟ್ಟುಹೋದ ಆಸ್ತಿ. ಆ ಆಸ್ತಿಯನ್ನು ಓಯ್ವ ಚೆನ್ನಾಗಿಯೇ ಬೆಳೆಸಿದ್ದ. ಮಂಜುಗಡ್ಡೆಯ ದಾರಿಯಿರಲಿ, ಕಾಡೆಮ್ಮೆಯಷ್ಟು ದೊಡ್ಡ ಕಡವೆ ಅಡ್ಡ ಬರಲಿ, ಅವನ ಬಸ್ಸಿನ ಪಕ್ಕದ ಕನ್ನಡಿಗೆ ಒಂದು ಗೀರೂ ಬಿದ್ದಿರಲಿಲ್ಲ. 'ಓಯ್ವ ಓಡಿಸ್ತಾನೆ ಅಂದ್ರೆ ನಿದ್ದೆ ಮಾಡ್ಬಹುದು' ಎನ್ನುತ್ತಿದ್ದರು ಜನ. ಇದಕ್ಕಿಂತ ದೊಡ್ಡ ಬಿರುದು ಒಬ್ಬ ಚಾಲಕನಿಗೆ ಯಾವ ಸರಕಾರವೂ ಕೊಡಲಾರದು.

ಕೇಡು ಬಂದದ್ದು ಅವನ ಮನೆಯ ಅಡಿಗೆಕೋಣೆಯ ಬಾಗಿಲಿನಿಂದ. ಹೋದ ಚಳಿಗಾಲ ಒಂದು ಬೆಳಿಗ್ಗೆ ಓಯ್ವನಿಗೆ ಆ ಬಾಗಿಲ ಚೌಕಟ್ಟು ನಡುವಿನಲ್ಲಿ ಹೊಟ್ಟೆ ಬಿಟ್ಟಂತೆ ಕಂಡಿತು. ಹೆಂಡತಿ ಲೈಲ ಕೆಲಸಕ್ಕೆ ಹೋದ ಮೇಲೆ ಉಜ್ಜುಗೊರಡು ತಂದು ಹೆರೆದ. ಹೆರೆದಷ್ಟೂ ಸೊಟ್ಟವೇ. ಬೇಸತ್ತು ರಸಮಟ್ಟ ಹಿಡಿದು ನೋಡಿದರೆ ಹೆರೆಯದ ಕಡೆಯೆಲ್ಲ ಮರ ದಾರ ಹಿಡಿದಂತೆ ನೆಟ್ಟಗಿತ್ತು. ಸೊಟ್ಟಗಿದ್ದದ್ದು ಅವನು ಹೆರೆದ ಜಾಗ ಮಾತ್ರ. ರಸಮಟ್ಟ ಕೆಳಗಿಟ್ಟು ಅವನು ಬಹಳ ಹೊತ್ತು ಮಣೆಯ ಮೇಲೆ ಕೂತಿದ್ದ. ಡೊಂಕು ಎಲ್ಲಿದೆ ಎಂಬುದು ಅವನಿಗೆ ಗೊತ್ತಾಗಿಹೋಗಿತ್ತು.

"ಈ ಬಾಗಿಲನ್ನ ಕಚ್ಚಿದೋರು ಯಾರು? ಇಲಿನೋ, ಗಂಡನೋ?" ಎಂದಳು ಲೈಲ ಸಂಜೆ.

"ಚಳಿಗೆ ಬಿಗಿಯಾಗಿತ್ತು. ಹೆರೆದೆ" ಎಂದ.

ಬೇಸಿಗೆಯ ಹೊತ್ತಿಗೆ ನೋಟದ ನಡುವೆ ಒಂದು ಕಲೆ ಕೂತಿತು, ಮಸಿಬಟ್ಟೆಯಿಂದ ಒರೆಸಿದ ಹಾಗೆ. ಅಕ್ಕಪಕ್ಕದ್ದೆಲ್ಲ ಕಾಣುತ್ತದೆ, ನೇರ ನೋಡಿದ್ದು ಮಾತ್ರ ಕಾಣದು. ಓಯ್ವ ಕೋಳಿಯಂತೆ ಕತ್ತು ಓರೆ ಮಾಡಿ ನೋಡುವುದನ್ನು ಕಲಿತ. ವೈದ್ಯರ ಬಳಿಗೆ ಹೋಗಲಿಲ್ಲ. ಹೋದರೆ ಅವರು ಬರೆಯಬೇಕಾದ್ದನ್ನು ಬರೆಯುತ್ತಾರೆ, ಬಸ್ಸಿನ ಪರವಾನಗಿ ಅಲ್ಲಿಗೆ ಮುಗಿಯಿತು. ಬಸ್ಸಿಲ್ಲದ ಓಯ್ವ ಎಂದರೆ ಯಾರು? ಆ ಮನುಷ್ಯನ ಪರಿಚಯ ಅವನಿಗಿರಲಿಲ್ಲ. ಎತ್ತು ಮುದಿಯಾದರೂ ದಾರಿ ಬಲ್ಲದು ಎಂದು ತನಗೆ ತಾನೇ ಹೇಳಿಕೊಂಡು, ನೆನಪನ್ನೇ ಕಣ್ಣು ಮಾಡಿಕೊಂಡು ಓಡಿಸುತ್ತಿದ್ದ. ಎಲ್ಲಿ ತಿರುವು, ಎಲ್ಲಿ ಸೇತುವೆ, ಎಲ್ಲಿ ಅಂಚೆಪೆಟ್ಟಿಗೆಗಳ ಸಾಲು, ಎಲ್ಲವೂ ಮೈಗೆ ಗೊತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಕತೆ ನಮಗೆಲ್ಲ ಗೊತ್ತಿದೆ. ಕುಡಿಯುವಾಗ ಬೆಕ್ಕೊಂದಕ್ಕೇ ಅದು ಗೊತ್ತಿರುವುದಿಲ್ಲ.

ಬೇಸಿಗೆ ಮುಗಿದು ಕಾಡಿನಲ್ಲಿ ಲಿಂಗನ್ ಹಣ್ಣು ಕೆಂಪಾಗುವ ಕಾಲ. ಇಸಲ್ಮಿಯ ನಿವೃತ್ತರ ಗಾಯನ ತಂಡವೊಂದು ಸಂಜೆ ಔಲುವಿನ ಚರ್ಚಿನಲ್ಲಿ ಹಾಡಬೇಕಿತ್ತು. ಬಸ್ಸು ತುಂಬಿತ್ತು. ತಂಡದ ಯಜಮಾನ್ತಿ ರೌಹ, ಮಕ್ಕಳಿಗೆ ಪಾಠ ಹೇಳಿ ಹೇಳಿ ದೊಡ್ಡವರನ್ನೂ ಮಕ್ಕಳಂತೆ ಎಣಿಸುವ ಹೆಂಗಸು. ಮುಂದಿನ ಸೀಟಿನಲ್ಲಿ ಯಲ್ಮಾರಿ, ಡೈರಿಯಲ್ಲಿ ದುಡಿದವನು. ಹಾಡಿದರೆ ಬಾವಿಯೊಳಗಿನ ದನಿ, ಮಾತಾಡಿದರೆ ಮೆಣಸಿನಕಾಯಿ.

"ಯಲ್ಮಾರಿ, ನಿದ್ದೆ ಬರದ ಹಾಗೆ ದಾರಿ ಬೋರ್ಡು ಓದ್ತಾ ಇರು" ಎಂದ ಓಯ್ವ.

"ನಾನು ಓದೋದಾದ್ರೆ ಸಂಬಳ ಅರ್ಧ ನನಗೆ ಕೊಡು ಡ್ರೈವರಪ್ಪ" ಎಂದು ಯಲ್ಮಾರಿ ಗಟ್ಟಿಯಾಗಿ ಓದುತ್ತ ಬಂದ. ತಮಾಷೆ ಎಂದುಕೊಂಡಿದ್ದ.

ಐಲಿಯ ಕಾಫಿಮನೆಗೆ ಸ್ವಲ್ಪ ಮುಂಚೆ ಒಂದು ನೀಳವಾದ ದಾರಿ. ತಿರುವಿಲ್ಲ, ಏರಿಲ್ಲ. ಓಯ್ವನ ಲೆಕ್ಕದಲ್ಲಿ ದಾರಿ ಖಾಲಿ. ಇದ್ದಕ್ಕಿದ್ದಂತೆ ಬಸ್ಸಿನ ಬಲ ಮೂಲೆಯಲ್ಲೇ ಸೈಕಲ್ಲಿನ ಮೇಲೆ ಒಬ್ಬ ಮುದುಕಿ ಗಾಳಿಯಿಂದ ಹುಟ್ಟಿದವಳಂತೆ ಕಾಣಿಸಿಕೊಂಡಳು. ತಲೆಗೆ ನೀಲಿ ವಸ್ತ್ರ, ಹಿಂದೆ ಹಣ್ಣಿನ ಬಕೆಟ್ಟು. ಓಯ್ವನ ಕೈ ತಾನಾಗಿ ಚಕ್ರ ತಿರುಗಿಸಿತು. ಬಸ್ಸು ಓಲಾಡಿ ಮುಂದೆ ಹೋಯಿತು. ಮುದುಕಿಗೆ ಏನೂ ಆಗಲಿಲ್ಲ. ಅವಳು ಅಷ್ಟು ಹೊತ್ತಿನಿಂದ ಅಲ್ಲೇ ಇದ್ದಳು, ಅವನ ಕಣ್ಣಿನ ಕಲೆಯೊಳಗೆ.

"ಅಷ್ಟು ಹತ್ರ ಹೋಗಿ ಬಕೆಟ್ಟು ಮೂಸ್ಬೇಕಿತ್ತಾ?" ಎಂದ ಯಲ್ಮಾರಿ. ಬಸ್ಸೆಲ್ಲ ನಕ್ಕಿತು. ಓಯ್ವ ವೇಗ ತಗ್ಗಿಸಿದ.

ಆಗ ಅವನು ಮನಸ್ಸಿನಲ್ಲೇ ಒಂದು ಪಂದ್ಯ ಕಟ್ಟಿದ. ಈ ದಿನ ಐದನೆಯ ಬುಟ್ಟಿಯ ಸರಪಳಿ ಸದ್ದು ಮಾಡಿದರೆ ಔಲುವಿಗೆ ಹೋಗಿ ಬರುವುದು, ಮುಂದಿನ ವಾರ ವೈದ್ಯರನ್ನು ಕಾಣುವ ಮಾತು. ಸದ್ದು ಮಾಡದಿದ್ದರೆ ಕೀಲಿಕೈ ಇಲ್ಲೇ ಕೆಳಗಿಡುವುದು. ಪಂದ್ಯ ನ್ಯಾಯವಾದದ್ದಲ್ಲ ಎಂದು ಅವನಿಗೇ ಗೊತ್ತಿತ್ತು. ಆ ಬುಟ್ಟಿಯನ್ನು ಅವನು ಕಗ್ಗತ್ತಲಲ್ಲೂ ತಪ್ಪುತ್ತಿರಲಿಲ್ಲ.

ಬಸ್ಸು ನಿಂತಿತು. ಹಾಡುಗಾರರು ಇಳಿದು ಸೊಂಟ ನೀವಿಕೊಂಡು, ಐಲಿಯ ಮರದ ಪೆಟ್ಟಿಗೆಯಿಂದ ಬಣ್ಣದ ತಟ್ಟೆ ಆರಿಸಿಕೊಂಡು ತೋಪಿಗೆ ನುಗ್ಗಿದರು. ರೌಹ ಮಾತ್ರ ಮೆಟ್ಟಿಲ ಮೇಲೇ ನಿಂತಳು.

"ಸಂಜೆ ಹಾಡೋದಿದೆ. ಯಾರೂ ಕೂಗಾಡಿ ಗಂಟಲು ಕೆಡಿಸ್ಕೋಬಾರ್ದು!"

"ತಟ್ಟೆ ಎಸೆಯೋದು ಕೈಯಲ್ಲಿ ರೌಹ, ಗಂಟಲಲ್ಲಿ ಅಲ್ಲ!" ಎಂದು ಮರಗಳ ನಡುವಿನಿಂದ ಯಲ್ಮಾರಿ ಕೂಗಿದ.

ಒಳಗೆ ಐಲಿ ಓಯ್ವನ ಮುಂದೆ ಕಾಫಿ ಇಟ್ಟಳು. ಅವನು ಲೋಟದ ಸುತ್ತ ಬೆರಳು ಸುತ್ತಿ ಕೂತನೇ ಹೊರತು ಕುಡಿಯಲಿಲ್ಲ.

"ಕಾಫಿ ಬಿಟ್ಯಲ್ಲೋ. ಜ್ವರ ಏನಾದ್ರೂ?"

"ಇಲ್ಲ."

ಐಲಿ ಮುಂದೆ ಕೇಳಲಿಲ್ಲ. ನಮ್ಮ ಕಡೆಯ ಜನವೇ ಹಾಗೆ. ನೆರೆಮನೆಗೆ ಬೆಂಕಿ ಬಿದ್ದರೂ ಬಾಗಿಲು ಮೆಲ್ಲಗೆ ತಟ್ಟಿ, ಹೊತ್ತಲ್ಲದ ಹೊತ್ತಲ್ಲಿ ಬಂದೆನೇನೋ ಎಂದು ಕೇಳುವವರು.

ಓಯ್ವ ಎದ್ದು ಐದನೆಯ ಕಟ್ಟೆಗೆ ಹೋದ. ಅವನು ಹೋದದ್ದನ್ನು ಕಂಡು ಆಡುತ್ತಿದ್ದವರು, ತಿನ್ನುತ್ತಿದ್ದವರು ಅತ್ತ ಸೇರಿದರು. ಎಸೆಯುವವನ ಬೆನ್ನ ಹಿಂದೆ ನಿಲ್ಲುವುದು, ಎಸೆಯುವಾಗ ಉಸಿರೆತ್ತದಿರುವುದು ಆಟದ ಮರ್ಯಾದೆ. ಎಲ್ಲರೂ ಹಾಗೇ ನಿಂತರು. ಓಯ್ವ ಪಾದ ಊರಿದ. ಹಲಗೆಯಲ್ಲಿನ ಗಂಟು ಬೂಟಿನಡಿ ಸಿಕ್ಕಿತು. ಕಣ್ಣು ಬೇಕೇ ಇರಲಿಲ್ಲ. ತೋಳು ಬೀಸಿ ಬಿಟ್ಟ.

ತಟ್ಟೆ ಸೊಗಸಾಗಿ ಹೋಯಿತು. ತಗ್ಗು ದಾಟಿತು, ಕೊಂಚ ಎಡಕ್ಕೆ ಬಾಗಿತು, ಇಳಿಯಿತು. ಸರಪಳಿಯ ಸದ್ದಿಲ್ಲ. ಪಾಚಿಯ ಮೇಲೆ ಏನೋ ಬಿದ್ದ ಹಾಗೆ ಮೆತ್ತಗೆ ದಪ್ಪೆಂದಿತು.

ಎರಡನೆಯದು ಎಸೆದ. ಅದೇ ದಪ್.

ಮೂರನೆಯದನ್ನು ಎಸೆಯುವ ಮುಂಚೆ ಓಯ್ವ ತುಸು ನಿಂತ. ಬೆನ್ನ ಹಿಂದೆ ಯಾರೋ ಕಿಸಕ್ಕೆಂದರು. ಎಸೆದ. ಈ ಸಲ ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ಕು ಬಿದ್ದ ಟಪ್ ಎಂಬ ಸದ್ದು ಕೇಳಿಸಿತು. ಹಿಂದೆ ನಿಂತವರೆಲ್ಲ ಹೋ ಎಂದು ನಕ್ಕರು.

ಬುಟ್ಟಿ ಅಲ್ಲಿರಲಿಲ್ಲ. ಪೈನ್ ಮರದ ಬೇರು ಹಸುವಿನ ಪಕ್ಕೆಲುಬಿನಂತೆ ಹೊರಗೆದ್ದಿತ್ತೆಂದು ಐಲಿ ಹಿಂದಿನ ದಿನ ಬುಟ್ಟಿಯನ್ನು ಎತ್ತಿ, ಮರದ ಬಲಕ್ಕೆ, ಬಂಡೆಯ ಪಕ್ಕದ ಕೊಳವೆಗೆ ಇಳಿಸಿದ್ದಳು. ಕಟ್ಟೆಯ ಬಳಿಯ ಹಲಗೆಯಲ್ಲಿ ಬಾಣದ ಗುರುತನ್ನೂ ತಿರುಗಿಸಿದ್ದಳು. ಯಾರಿಗೂ ಬಾಯಲ್ಲಿ ಹೇಳಿರಲಿಲ್ಲ. ಕಣ್ಣೆದುರು ನಿಂತ ಬುಟ್ಟಿಯ ಬಗ್ಗೆ ಹೇಳುವುದೇನು? ಓಯ್ವ ಎಸೆದ ಮೂರು ತಟ್ಟೆಗಳೂ ಹಳೆಯ ಕೊಳವೆಯ ಬಾಯಿಯ ಬಳಿ ಒತ್ತಾಗಿ ಕೂತಿದ್ದವು, ಮೂರನೆಯದು ಉಳಿದೆರಡರ ಮೇಲೆ, ಊಟವಾದ ಮೇಲೆ ಜೋಡಿಸಿಟ್ಟ ಹಾಗೆ.

"ಬುಟ್ಟಿ ಮನೆ ಬದಲಾಯಿಸಿದ್ರೂ ಇವನು ಹಳೇ ಮನೆಗೇ ಕಾಗದ ಹಾಕ್ತಾನೆ ನೋಡ್ರಪ್ಪ!" ಎಂದ ಯಲ್ಮಾರಿ.

ಓಯ್ವನೂ ನಕ್ಕ. "ಅಭ್ಯಾಸ ತಪ್ಪಬಾರದು ಅಂತ" ಎಂದ. ಬಿಟ್ಟರೆ ಅಲ್ಲಿಗೇ ಮುಗಿದುಹೋಗುತ್ತಿತ್ತು. ಜನ ನಗುತ್ತ ಬಸ್ಸಿನ ಕಡೆ ನಡೆದರು. ಐಲಿ ಮಾತ್ರ ನಗಲಿಲ್ಲ. ಏಪ್ರನ್ನಿಗೆ ಕೈ ಒರೆಸಿಕೊಂಡು ತಗ್ಗು ದಾಟಿ ಹೋದಳು. ಮೂರು ತಟ್ಟೆಗಳನ್ನೂ ಎತ್ತಿಕೊಂಡು ಬಂದು ಅವನೆದುರು ನಿಂತಳು.

"ಓಯ್ವ, ಬುಟ್ಟಿ ಎಲ್ಲಿದೆ?"

"ಅಲ್ಲೇ ಇದೆಯಲ್ಲ."

"ಎಲ್ಲಿ? ಕೈ ಮಾಡಿ ತೋರ್ಸು."

ಓಯ್ವ ಕೈ ಎತ್ತಲಿಲ್ಲ.

"ಹೋದ ವಾರ ನಿನ್ನ ಮುಂದೇನೇ ಇಟ್ಟಿದ್ದ ಸಕ್ಕರೆ ಡಬ್ಬಿಗೆ ತಡಕಾಡ್ತಿದ್ದೆ. ನೋಡ್ದೆ, ಸುಮ್ಮನಿದ್ದೆ" ಎಂದಳು ಐಲಿ. "ಯಾರ ಮನೆ ವಿಷಯಕ್ಕೂ ಹೋಗೋಳಲ್ಲ ನಾನು. ಇವತ್ತು ಹೋಗ್ತೀನಿ. ಬೈದ್ರೆ ಬೈಕೋ."

"ಈ ದಾರಿ ಕಣ್ಣು ಮುಚ್ಚಿದ್ರೂ ನನಗೆ ಗೊತ್ತು ಐಲಿ."

"ಈ ಬುಟ್ಟಿನೂ ಗೊತ್ತಿತ್ತು. ನಿನ್ನೆ ನಾನು ಎತ್ತಿಟ್ಟೆ. ದಾರಿ ಮೇಲೆ ಇವತ್ತು ಯಾರು ಏನು ಎತ್ತಿಟ್ಟಿದಾರೋ, ನಿನಗೆ ಯಾರು ಹೇಳ್ತಾರೆ?"

ಬಸ್ಸಿನ ಬಳಿ ಯಾರೋ ದನಿ ಹದ ಮಾಡುತ್ತಿದ್ದರು. ಓಯ್ವನಿಗೆ ದಾರಿಯ ನೀಲಿ ವಸ್ತ್ರದ ಮುದುಕಿ ಕಣ್ಣಿಗೆ ಕಟ್ಟಿದಳು. ಕಣ್ಣಿನ ಕಲೆಯೊಳಗೆ ಅವಳೊಬ್ಬಳನ್ನೇ ಅವನು ಈಗ ನೇರವಾಗಿ ನೋಡಬಲ್ಲವನಾಗಿದ್ದ. ಅಪ್ಪನ ಮಾತೂ ನೆನಪಾಯಿತು. ಬೆನ್ನ ಹಿಂದಿನ ಭಾರ ಹಾಡಲು ಹೊರಟಿತ್ತು, ಅದಕ್ಕೆ ಏನೂ ಗೊತ್ತಿರಲಿಲ್ಲ.

ಅವನು ಬೈಯಲಿಲ್ಲ. ಜೇಬಿನಿಂದ ಬಸ್ಸಿನ ಕೀಲಿಕೈ ತೆಗೆದು ಐಲಿಯ ಕೈಯಲ್ಲಿದ್ದ ತಟ್ಟೆಯ ಮೇಲಿಟ್ಟ.

"ಇದನ್ನ ಇಟ್ಕೊಂಡಿರು. ನಾನು ಹೋಗಿ ಹೇಳಿ ಬರ್ತೀನಿ."

ಬಸ್ಸಿನ ಬಾಗಿಲ ಮೆಟ್ಟಿಲ ಮೇಲೆ ನಿಂತು ಹೇಳಿದ: "ನನಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ. ಇಲ್ಲಿಂದ ಮುಂದೆ ನಾನು ಓಡಿಸಲ್ಲ. ಬೇರೆ ಚಾಲಕರಿಗೆ ಹೇಳಿ ಕಳಿಸ್ತೀನಿ."

ಮೊದಲು ಬಾಯಿ ಬಿಟ್ಟವನು ಯಲ್ಮಾರಿಯೇ.

"ಮತ್ತೆ ಇಲ್ಲೀವರೆಗೂ ಹೇಗೆ ಬಂದ್ವಿ?"

"ಅಭ್ಯಾಸದ ಮೇಲೆ."

ಯಲ್ಮಾರಿ ನಗಲು ಹೋದವನು ಅರ್ಧಕ್ಕೇ ನಿಲ್ಲಿಸಿದ. ಬೋರ್ಡು ಓದುತ್ತ ಬಂದದ್ದು ಅವನಿಗೆ ನೆನಪಾಯಿತು. ರೌಹ ಎದ್ದು ನಿಂತಳು. ಬೈಗುಳ ಬಂತು ಎಂದುಕೊಂಡ ಓಯ್ವ.

"ಬೆಳಿಗ್ಗೇನೇ ಹೇಳ್ಬೇಕಿತ್ತು" ಎಂದಳು.

"ಹೌದು."

"ಅದಕ್ಕೂ ಎಷ್ಟೋ ಮುಂಚೇನೇ ಹೇಳ್ಬೇಕಿತ್ತೇನೋ."

"ಅದೂ ಹೌದು."

"ಹಾಡೋದು ಏಳು ಗಂಟೆಗೆ. ತಡವಾದ್ರೆ ಚರ್ಚಿನೋರು ಇನ್ನೊಂದು ಪ್ರಾರ್ಥನೆ ಮಾಡ್ಲಿ. ನಾವು ಪೂರ್ತಿ ತಲುಪೋದು ಮುಖ್ಯ." ಅಷ್ಟು ಹೇಳಿ ತಂಡದತ್ತ ತಿರುಗಿದಳು. "ಇಳೀರಿ ಎಲ್ರೂ. ಸುಮ್ನೆ ಕೂತು ಕಾಲು ಹಿಡಿಸ್ಕೋಬೇಡಿ."

ಕಯಾನಿ ಊರಿನಲ್ಲಿ ರಜೆಯ ಮೇಲಿದ್ದ ತಾರ್ಯ ಎಂಬ ಚಾಲಕಿ ತನ್ನ ಕಾರಿನಲ್ಲೇ ಹೊರಟು ಬರುತ್ತಾಳೆಂದು ಫೋನಿನಲ್ಲಿ ಗೊತ್ತಾಯಿತು. ಅವಳು ಬರುವ ತನಕ ತೋಪಿನ ತುಂಬ ಹಾಡುಗಾರರು. ಕಾಫಿ ಮುಗಿದು ಐಲಿ ಮತ್ತೆ ಕಾಸಿದಳು, ಬನ್ನು ಮುಗಿದು ಸಾಲ್ಮನ್ ಸಾರು ಬಡಿಸಿದಳು. ಒಂದು ಸುತ್ತು ಆಡಿದವರು ಎರಡನೆಯದು ಆಡಿದರು. ಗಂಟಲು ಕೆಡುತ್ತದೆ ಎಂದ ರೌಹಳೇ ಎರಡನೆಯ ಬುಟ್ಟಿಗೆ ತಟ್ಟೆ ಬಿದ್ದಾಗ ಅಳಿಲುಗಳು ಮರ ಬಿಟ್ಟು ಓಡುವಂತೆ ಕೂಗಿದಳು.

ಓಯ್ವ ಕೊಟ್ಟಿಗೆಯ ಗೋಡೆಗೆ ಒರಗಿ ಲೈಲಳಿಗೆ ಫೋನು ಮಾಡಿದ.

"ಲೈಲ, ಆ ಬಾಗಿಲು ನೆಟ್ಟಗೇ ಇತ್ತು."

"ಈಗೆಲ್ಲಿದೀಯ?"

"ಐಲಿ ಹತ್ರ. ಕೀಲಿ ಕೊಟ್ಟುಬಿಟ್ಟೆ."

"ಸರಿ ಮಾಡ್ದೆ. ನಾಳೆ ಕಣ್ಣಿನ ಡಾಕ್ಟ್ರಿಗೆ ನಾನೇ ಫೋನ್ ಮಾಡ್ತೀನಿ. ಬಾಗಿಲಿಗೆ ಬಡಗೀನ ಕರೀತೀನಿ. ನೀನು ಮಾತ್ರ ಯಾವುದನ್ನೂ ಹೆರೀಬೇಡ."

ತಾರ್ಯ ಬಂದಳು. ಕಾರು ನಿಲ್ಲಿಸಿ, ಬಸ್ಸಿನ ಸುತ್ತ ಒಂದು ಸುತ್ತು ಬಂದು ಟೈರುಗಳನ್ನು ಒದ್ದು ನೋಡಿದಳು. ಹಾಗೆ ನೋಡಿದ್ದು ಓಯ್ವನಿಗೆ ಹಿಡಿಸಿತು. ಐಲಿ ಅವಳಿಗೆ ಕೀಲಿಕೈ ಕೊಟ್ಟಳು.

"ಜನಾನ ಹೇಗೆ ಸೇರಿಸ್ತೀರಿ? ಹಾರನ್ ಹೊಡೀಲಾ?" ಎಂದಳು ತಾರ್ಯ.

"ಬೇಡ ತಾಯಿ, ಇಲ್ಲಿ ಅದು ನಡೆಯಲ್ಲ" ಎಂದ ಓಯ್ವ.

ಅವನು ತಗ್ಗಿಗೆ ಇಳಿದು ಏರಿದ. ಕಾಲು ಹಳೆಯ ಜಾಗಕ್ಕೇ ಹೊರಟಿತು.

"ಬಲಕ್ಕೆ! ಬಂಡೆ ಹತ್ರ!" ಹಿಂದಿನಿಂದ ಐಲಿ ಕೂಗಿದಳು.

ಓಯ್ವ ನಿಂತು, ಎಲ್ಲರೂ ನೋಡುತ್ತಿದ್ದಾರೆಂದು ಗೊತ್ತಿದ್ದೂ ಕೋಳಿಯಂತೆ ಕತ್ತು ಓರೆ ಮಾಡಿದ. ನೋಟದ ಅಂಚಿನಲ್ಲಿ ಬುಟ್ಟಿ ಬಂದು ನಿಂತಿತು. ಹತ್ತಿರ ಹೋಗಿ, ತಾನೇ ಬೆಸೆದ ದನದ ಸರಪಳಿಯನ್ನು ಎರಡು ಕೈಯಲ್ಲೂ ಹಿಡಿದು ಜೋರಾಗಿ ಅಲ್ಲಾಡಿಸಿದ. ತೋಪೆಲ್ಲ ಝಣಗುಟ್ಟಿತು. ಜನ ಬಾಯಿ ಒರೆಸಿಕೊಂಡು ಎದ್ದರು.

ಬಸ್ಸಿನಲ್ಲಿ ಯಲ್ಮಾರಿ ತನ್ನ ಪಕ್ಕದ ಸೀಟಿನ ಮೇಲಿದ್ದ ಹಾಡಿನ ಪುಸ್ತಕ ಎತ್ತಿಕೊಂಡು ಜಾಗ ಮಾಡಿದ. ಓಯ್ವ ಕೂತ. ಅಲ್ಲಿ ಇಲ್ಲದ ಬ್ರೇಕನ್ನು ಅವನ ಬಲಗಾಲು ಹುಡುಕಿ ಸುಮ್ಮನಾಯಿತು. ತಾರ್ಯ ಬಸ್ಸನ್ನು ಮೆತ್ತಗೆ ರಸ್ತೆಗೆ ತಂದಳು.

"ಕಿಟಕಿ ಪಕ್ಕ ಬರ್ತೀಯಾ ಓಯ್ವ?" ಎಂದ ಯಲ್ಮಾರಿ. ಡ್ರೈವರಪ್ಪ ಎನ್ನಲಿಲ್ಲ.

"ಬೇಡ, ನೀನೇ ಕೂತ್ಕೋ. ಏನು ಕಾಣುತ್ತೆ ಹೇಳ್ತಾ ಹೋಗು."

"ಮರ."

"ಆಮೇಲೆ?"

"ಇನ್ನೊಂದು ಮರ." ಸ್ವಲ್ಪ ದೂರ ಹೋದ ಮೇಲೆ ಯಲ್ಮಾರಿ ಕಿಟಕಿಗೆ ಮುಖ ಒತ್ತಿದ. "ಒಬ್ಬ ಮುದುಕ ಸೈಕಲ್ ತಳ್ಕೊಂಡು ಹೋಗ್ತಿದಾನೆ. ತಾರ್ಯ ನೋಡಿದಾಳೆ. ಜಾಗ ಬಿಟ್ಟೇ ಹೋಗ್ತಿದಾಳೆ."

"ಹೂಂ" ಎಂದ ಓಯ್ವ. ಮುಂದಿನ ತಿರುವು ಬರುವುದರೊಳಗೆ ಅವನಿಗೆ ನಿದ್ದೆ ಬಂದಿತ್ತು.